ಹಳೆ ಲಾರಿಗೆ ಹೊಸ ಬಲ್ಬ್: ಎದುರು ಬರುವವನಿಗೆ ಅಪಾಯ

ಹಳೆಯ ಲಾರಿಯ ಹೆಡ್‌ಲೈಟ್ ಮಂಕಾಯಿತೆಂದರೆ ಹ್ಯಾಲೊಜನ್ ಕಿತ್ತು ಅದೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಸಿಕ್ಕಿಸುವುದು ಈಗ ರೂಢಿ. ಚಾಲಕನಿಗೆ ರಸ್ತೆ ಬೆಳ್ಳಗೆ ಕಾಣುತ್ತದೆ. ಎದುರು ಬರುವವನಿಗೆ ರಸ್ತೆಯೇ ಕಾಣುವುದಿಲ್ಲ. ಈ ರೂಢಿ ಹೀಗೇ ಬೆಳೆದರೆ ಡಿವೈಡರ್ ಇಲ್ಲದ ದ್ವಿಪಥ ರಸ್ತೆಗಳಲ್ಲಿ ರಾತ್ರಿ ಪ್ರಯಾಣ ಇನ್ನಷ್ಟು ಅಪಾಯಕಾರಿಯಾಗಲಿದೆ.

ತೊಂದರೆ ಬರೀ ಪ್ರಖರತೆಯದಲ್ಲ. ತೆಳುವಾದ ಫಿಲಮೆಂಟ್ ಒಂದು ನಿಗದಿತ ಬಿಂದುವಿನಲ್ಲಿ ಉರಿಯುತ್ತದೆ ಎಂಬ ಲೆಕ್ಕದ ಮೇಲೆ ಹ್ಯಾಲೊಜನ್ ರಿಫ್ಲೆಕ್ಟರ್ ರೂಪುಗೊಂಡಿರುತ್ತದೆ. ಎಚ್4 ಬಲ್ಬಿನಲ್ಲಿ ಡಿಪ್ ಫಿಲಮೆಂಟ್‌ನ ಕೆಳಗಿರುವ ಪುಟ್ಟ ಲೋಹದ ಮರೆ ಬೆಳಕು ಮೇಲೇಳದಂತೆ ತಡೆಯುತ್ತದೆ. ಎಲ್‌ಇಡಿ ಚಿಪ್‌ನ ಆಕಾರ, ಗಾತ್ರ, ಕೂರುವ ಜಾಗ ಬೇರೆಯಾದಾಗ ಡಿಪ್‌ನ ಅಂಚು ಕದಡಿ ಬೆಳಕು ಮೇಲಕ್ಕೆ ಚೆಲ್ಲುತ್ತದೆ.

ಅಲೈನ್‌ಮೆಂಟ್ ತಪ್ಪಿದರೆ ಹಾನಿ ಇಮ್ಮಡಿ. ನೆಲದಿಂದ 1 ಮೀಟರ್ ಎತ್ತರದ ದೀಪವನ್ನು ಶೇ 1ರಷ್ಟು ಕೆಳಕ್ಕೆ ಬಾಗಿಸಿದ್ದರೆ, 50 ಮೀಟರ್ ದೂರದಲ್ಲಿ ಡಿಪ್‌ನ ಮೇಲಂಚು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. ದೀಪ ಒಂದೇ ಒಂದು ಡಿಗ್ರಿ ಮೇಲೆದ್ದರೆ ಆ ಅಂಚು ಸುಮಾರು 1.37 ಮೀಟರ್‌ಗೆ ಏರುತ್ತದೆ. ಕಾರು ಚಾಲಕನ ಕಣ್ಣಿನ ಎತ್ತರ ಸುಮಾರು 1.2 ಮೀಟರ್! ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಕತ್ತಲಿಟ್ಟರೆ ವಾಹನ 50 ಮೀಟರ್ ಕುರುಡಾಗಿ ಓಡಿರುತ್ತದೆ. ಹಿಂಬದಿಗೆ ಲೋಡ್ ಬಿದ್ದು ಮೂತಿ ಎತ್ತಿದ ಲಾರಿಗೆ ಈ ಒಂದು ಡಿಗ್ರಿ ದೊಡ್ಡದೇನಲ್ಲ.

ಮಂಕಿಗೆ ಬಲ್ಬೇ ಕಾರಣವಾಗಿರಬೇಕಿಲ್ಲ. ತುಕ್ಕು ಹಿಡಿದ ಅರ್ತಿಂಗ್, ಸವೆದ ವೈರು ವೋಲ್ಟೇಜನ್ನು ಶೇ 10ರಷ್ಟು ತಗ್ಗಿಸಿದರೆ ಹ್ಯಾಲೊಜನ್ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ. ಅಂಥ ವೈರಿಂಗ್‌ಗೆ ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿದರೆ ಹೋಲ್ಡರ್ ಕರಗಬಹುದು, ಬೆಂಕಿಯೂ ಹೊತ್ತಬಹುದು. ರಿಫ್ಲೆಕ್ಟರ್‌ನ ಹೊಳಪು ಹೋಗಿದ್ದರೆ ಯಾವ ಬಲ್ಬ್ ಹಾಕಿಯೂ ಪ್ರಯೋಜನವಿಲ್ಲ; ಇಡೀ ಹೆಡ್‌ಲೈಟ್ ಬದಲಿಸಬೇಕು.

ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯ ಪೊಲೀಸರು 2024ರ ಜುಲೈನಲ್ಲಿ ಕಾರ್ಯಾಚರಣೆ ನಡೆಸಿದ್ದರು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಲೇಬೇಕು. ಆದರೆ ಎಫ್‌ಸಿ ವರ್ಷಕ್ಕೊಮ್ಮೆ, ಬಲ್ಬ್ ಬದಲಿಸಲು ಹತ್ತು ನಿಮಿಷ ಸಾಕು. ದಂಡದಿಂದಷ್ಟೇ ಇದು ನಿಲ್ಲದು.

ಲಾರಿ ಮಾಲೀಕರೇ, ಮೊದಲು ಅರ್ತಿಂಗ್, ವೈರಿಂಗ್ ಸರಿಪಡಿಸಿ. ಕಂಪನಿ ಹೇಳಿದ ವ್ಯಾಟ್‌ನ ಬಲ್ಬನ್ನೇ ಹಾಕಿಸಿ. ಟೈರ್‌ಗಾಳಿ ಸರಿಯಿಟ್ಟು, ಎಂದಿನ ಲೋಡ್‌ನೊಂದಿಗೆ, ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಲಾರಿ ನಿಲ್ಲಿಸಿ. ಡಿಪ್‌ನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ನಿಮ್ಮ ಲಾರಿಯ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಪಾಲಿಸಿ.