ರೋಗಿ ಒಬ್ಬ, ಹೊಣೆ ಹಲವರದು

ಕಾಪುವಿನ ಕಡಲತೀರದ ಮನೆಯೊಂದರಲ್ಲಿ ಹಿರಿಯರಿಗೆ ಹೃದ್ರೋಗ ಕಾಣಿಸಿಕೊಂಡಿತೆನ್ನೋಣ. ಎಲ್ಲಿಗೆ ಕರೆದೊಯ್ಯುವುದು, ಹಣಕ್ಕೇನು ಮಾಡುವುದು ಎಂಬ ಎರಡು ಪ್ರಶ್ನೆಗಳು ಮನೆಯವರನ್ನು ಒಟ್ಟಿಗೇ ಕಾಡುತ್ತವೆ. ಉತ್ತರ ದೊರೆಯಬೇಕಾದರೆ, ನಮ್ಮ ಒಕ್ಕೂಟ ವ್ಯವಸ್ಥೆಯಲ್ಲಿ ಆರೋಗ್ಯದ ಹೊಣೆ ಯಾರದೆಂಬುದನ್ನು ಅರಿಯುವುದು ಅವಶ್ಯ.

ಸಂವಿಧಾನದ ಏಳನೆಯ ಅನುಸೂಚಿಯು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಹಾಗೂ ಆಸ್ಪತ್ರೆಗಳನ್ನು ರಾಜ್ಯಪಟ್ಟಿಯಲ್ಲಿರಿಸಿದೆ. ವೈದ್ಯಕೀಯ ಶಿಕ್ಷಣ, ಕುಟುಂಬ ಯೋಜನೆ, ರಾಜ್ಯದಿಂದ ರಾಜ್ಯಕ್ಕೆ ಹಬ್ಬುವ ಸಾಂಕ್ರಾಮಿಕ ರೋಗಗಳ ತಡೆ ಇವು ಸಮವರ್ತಿ ಪಟ್ಟಿಗೆ ಸೇರಿವೆ. 1992ರ 73ನೆಯ ತಿದ್ದುಪಡಿಯು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಹೆಸರಿಸಿತು.

1997ರ ಆಗಸ್ಟ್ 25ರಂದು ಉಡುಪಿಯು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಗ್ರಾಮಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ, ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ: ಇದು ಸರಕಾರಿ ಸೇವೆಯ ಮೆಟ್ಟಿಲುಸಾಲು. ಇದರ ಪಕ್ಕದಲ್ಲೇ ಮಣಿಪಾಲವಿದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಖಾಸಗಿ ಸಂಸ್ಥೆ. ಇಂತಹ ಕಾಲೇಜುಗಳ ಶಿಕ್ಷಣದ ಮಟ್ಟವನ್ನು ನೋಡಿಕೊಳ್ಳುವುದು ಕೇಂದ್ರದ ಕಾಯಿದೆಯಡಿಯ ರಾಷ್ಟ್ರೀಯ ವೈದ್ಯಕೀಯ ಆಯೋಗ; ಖಾಸಗಿ ಆಸ್ಪತ್ರೆಗಳ ನೋಂದಣಿಗಾದರೋ 2007ರ ರಾಜ್ಯ ಕಾಯಿದೆಯುಂಟು.

ಹಣದ ವಿಷಯದಲ್ಲಿಯೂ ಇದೇ ಹಂಚಿಕೆ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಗಳು ಒಂದಾದವು. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳ ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು 40. ಆ ಪಟ್ಟಿಯ ಹೊರಗುಳಿದವರ ಭಾರವನ್ನು ರಾಜ್ಯವೇ ಹೊರುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯಿದೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ನೆರವು ದೊರೆಯುತ್ತದೆ.

ಆದರೆ ಓದುಗರು ಮುಖ್ಯವಾಗಿ ಗಮನಿಸಬೇಕಾದ ನಿಯಮವೊಂದಿದೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರ ಪಡೆದು, ಯೋಜನೆಗೆ ಒಳಪಟ್ಟ ಖಾಸಗಿ ಆಸ್ಪತ್ರೆಗೆ ತೆರಳಬೇಕು. ಈ ಒಂದು ಕಾಗದವಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆ ಸೇರಿದರೆ, ದೊರೆಯಬಹುದಾಗಿದ್ದ ನೆರವು ಕೈತಪ್ಪಿ ಮನೆಯ ಒಡವೆ ಅಡವಿಗೆ ಹೋಗಬೇಕಾದೀತು. ತುರ್ತು ಸ್ಥಿತಿಗೆಂದು ಗುರುತಿಸಿದ ಚಿಕಿತ್ಸೆಗಳಿಗೆ ಮಾತ್ರ ಈ ಪತ್ರ ಬೇಕಿಲ್ಲ. ಎದೆನೋವು ಬಂದಾಗ ಕಾಗದಕ್ಕಾಗಿ ಕಾಯುವುದು ಸಲ್ಲದು.

ಆದುದರಿಂದ ಪಡಿತರ ಚೀಟಿ, ಆಧಾರ್, ಆರೋಗ್ಯ ಕಾರ್ಡುಗಳನ್ನು ಒಂದೆಡೆ ಇರಿಸಿ, ಆ ಸ್ಥಳವನ್ನು ಮನೆಯ ಎಲ್ಲರಿಗೂ ತಿಳಿಸಿರಿ. ಕಾಯಿಲೆ ಹೇಳಿ ಬರುವುದಿಲ್ಲ; ಸಿದ್ಧತೆಯನ್ನಾದರೂ ನಾವು ಮುಂಚಿತವಾಗಿ ಮಾಡಿಕೊಳ್ಳಬಹುದು.