ಆಧಾರ ತೋರಿಸಿ ಮಾತಾಡುವ ಪುಸ್ತಕಗಳು

ಸಂಸ್ಕೃತಿ, ತತ್ತ್ವಶಾಸ್ತ್ರ, ಸಮಾಜ ಕುರಿತ ದಪ್ಪ ದಪ್ಪ ವಿದ್ವತ್ ಗ್ರಂಥಗಳು ಪ್ರಾಧ್ಯಾಪಕರಿಗೂ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಮೀಸಲು ಎಂಬ ಭಾವನೆ ನಮ್ಮ ಓದುಗರಲ್ಲಿ ಬೇರೂರಿದೆ. ಕಾದಂಬರಿ, ಕವನ, ಆತ್ಮಕಥೆಗಳನ್ನು ಕೊಂಡು ಓದುವವರು ಕೂಡ ಆ ಕಪಾಟಿನ ಹತ್ತಿರ ಸುಳಿಯುವುದು ಅಪರೂಪ. ಇದರಿಂದ ನಷ್ಟವಾಗುವುದು ಓದುಗರಿಗೇ ಎಂಬುದು ನನ್ನ ವಾದ. ನಾಡಿನ ಹಿಂದಿನದರ ಬಗ್ಗೆ, ಧರ್ಮದ ಬಗ್ಗೆ, ಜಾತಿಗಳ ಮೂಲದ ಬಗ್ಗೆ ಖಚಿತವಾಗಿ ಮಾತಾಡುವವರು ಈಗ ವೇದಿಕೆಗಳಲ್ಲೂ ಮೊಬೈಲ್‌ಗಳಲ್ಲೂ ಬೇಕಾದಷ್ಟು ಮಂದಿ ಸಿಗುತ್ತಾರೆ. ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ಒಳ್ಳೆಯ ವಿದ್ವತ್ ಗ್ರಂಥ ಆ ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ತಾನೇ ಹಾಕಿಕೊಂಡು ಪುಟಪುಟದಲ್ಲೂ ಉತ್ತರಿಸುತ್ತಾ ಹೋಗುತ್ತದೆ. ಹಾಗೆ ಉತ್ತರಿಸುವುದರಿಂದಲೇ ಲೇಖಕನೊಡನೆ ತಕರಾರು ತೆಗೆಯುವ ಹಕ್ಕು ಸಾಮಾನ್ಯ ಓದುಗನಿಗೂ ಸಿಗುತ್ತದೆ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನೇ ತೆಗೆದುಕೊಳ್ಳಿ. ಡಾಕ್ಟರೇಟ್‌ಗಾಗಿ ಬರೆದ ಈ ಪ್ರಬಂಧವನ್ನು ಮೈಸೂರು ವಿಶ್ವವಿದ್ಯಾನಿಲಯ 1966ರಲ್ಲಿ ಪ್ರಕಟಿಸಿತು. ಕ್ರಿ.ಶ. 450ರಿಂದ 1150ರವರೆಗಿನ ಏಳುನೂರು ವರ್ಷಗಳ ಶಾಸನಗಳು ಇದರ ವ್ಯಾಪ್ತಿ. ಅಲ್ಲಿಯವರೆಗೆ ಶಾಸನಗಳೆಂದರೆ ಹೆಚ್ಚಾಗಿ ರಾಜವಂಶಗಳ ಕಾಲನಿರ್ಣಯಕ್ಕೆ ಬೇಕಾದ ಸಾಮಗ್ರಿ. ಯಾವ ಅರಸನ ನಂತರ ಯಾವ ಅರಸ ಬಂದ ಎಂಬುದೇ ಮುಖ್ಯ ಪ್ರಶ್ನೆ. ಚಿದಾನಂದಮೂರ್ತಿಯವರು ಅದೇ ಕಲ್ಲುಗಳ ಮುಂದೆ ಬೇರೆ ಪ್ರಶ್ನೆ ಇಟ್ಟರು: ಜನ ಏನನ್ನು ನಂಬಿದ್ದರು, ಹೇಗೆ ವಿದ್ಯೆ ಕಲಿತರು, ತುರು ಕಾಯಲು ಹೋಗಿ ಸತ್ತವನನ್ನು ಊರು ಹೇಗೆ ನೆನೆಯಿತು, ಒಡೆಯನ ಜತೆಗೇ ಪ್ರಾಣ ಬಿಡುವ ವೇಳೆವಾಳಿಗಳು ಯಾರು? ಅರಸರ ಹೆಸರುಗಳ ಸಾಲಿನಿಂದ ಜನಜೀವನದ ಕಡೆಗೆ ನೋಟ ತಿರುಗಿದ್ದು ಕನ್ನಡ ಸಂಶೋಧನೆಯ ಬಹು ದೊಡ್ಡ ತಿರುವು.

ಇಂಥ ಗ್ರಂಥಗಳ ಅಡಿಟಿಪ್ಪಣಿಯಲ್ಲಿ ‘ಎ.ಕ. 3, ಮಂಡ್ಯ 41’ ಎಂಬಂಥ ಗುರುತುಗಳಿರುತ್ತವೆ. ಓದುಗರು ಕಣ್ಣು ಹಾಯಿಸದೆ ಮುಂದೆ ಹೋಗುವ ಜಾಗ ಅದು. ‘ಎ.ಕ.’ ಎಂದರೆ ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ ಅವರು 1886ರಿಂದ ಸುಮಾರು ಎರಡು ದಶಕ ಹೊರತಂದ ಈ ಸಂಪುಟಗಳಲ್ಲಿ 9,000ದ ಹತ್ತಿರ ಶಾಸನಗಳಿವೆ. ಅವುಗಳನ್ನು ಜೋಡಿಸಿರುವುದು ಬಹುಮಟ್ಟಿಗೆ ಜಿಲ್ಲೆ, ತಾಲ್ಲೂಕುಗಳ ಪ್ರಕಾರ. ಮಂಡ್ಯ 41 ಎಂದರೆ ಆತಕೂರಿನ ಕಲ್ಲು, ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಳುವ ಕಥೆ ಹೀಗಿದೆ: ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಹೋರಾಡುತ್ತಾನೆ. ಚೋಳ ರಾಜಾದಿತ್ಯ ಸಾಯುತ್ತಾನೆ. ಬೂತುಗನ ಕಡೆಯ ಮಣಲೆರ ತೋರಿದ ಪರಾಕ್ರಮಕ್ಕೆ ಮೆಚ್ಚಿ ಒಡೆಯ ‘ಏನು ಬೇಕೋ ಕೇಳು’ ಎಂದರೆ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ.

‘ಸಾವಿರ ವರ್ಷದ ಹಿಂದೆಯೇ ನಮ್ಮವರು ನಾಯಿಗೆ ಸ್ಮಾರಕ ಕಟ್ಟಿದ್ದರು’ ಎಂಬ ಒಂದು ಸಾಲಾಗಿ ಈ ಸಂಗತಿ ಎಲ್ಲ ಕಡೆ ಹರಿದಾಡುತ್ತದೆ. ಸಾಲು ಸುಳ್ಳಲ್ಲ, ಆದರೆ ಅದರಿಂದ ತಿಳಿಯುವುದು ತೀರ ಸ್ವಲ್ಪ. ಕಲ್ಲಿನ ಪೂರ್ತಿ ಪಾಠ ಓದಿದವರಿಗೆ ಒಂದು ಊರ ಶಿವಾಲಯದ ಹೊಣೆ ಗೊರವರ ಕೈಯಲ್ಲಿದ್ದದ್ದು, ಶೌರ್ಯಕ್ಕೆ ಪ್ರತಿಯಾಗಿ ಒಡೆಯ ವರ ಕೊಡುತ್ತಿದ್ದ ರೀತಿ, ದತ್ತಿಗೂ ಪೂಜೆಗೂ ಇದ್ದ ಗಂಟು ಎಲ್ಲ ಕಾಣುತ್ತವೆ. ಸಂಶೋಧಕ ಅಲ್ಲಿಗೂ ನಿಲ್ಲುವುದಿಲ್ಲ. ತಕ್ಕೋಲದಲ್ಲಾದ ರಾಜಾದಿತ್ಯನ ಅದೇ ಸಾವನ್ನು ಚೋಳರ ಲೈಡನ್ ತಾಮ್ರಪಟ, ಆನೆಯ ಮೇಲೆ ಕೂತೇ ಪ್ರಾಣ ಬಿಟ್ಟು ವೀರಸ್ವರ್ಗ ಸೇರಿದವನ ಸಾವಾಗಿ ಹೊಗಳುತ್ತದೆ. ಕೊಂದವರ ಕಡೆಯ ಕಲ್ಲನ್ನೂ ಸತ್ತವನ ಕಡೆಯ ತಾಮ್ರವನ್ನೂ ಎದುರುಬದುರು ಇಟ್ಟು, ಯಾವುದನ್ನು ಎಷ್ಟು ನಂಬಬೇಕು ಎಂದು ತೂಗಿ ನೋಡುವುದೇ ವಿದ್ವತ್ತಿನ ಕೆಲಸ. ಒಂದು ಸಾಲಿನ ಹೆಮ್ಮೆಯಲ್ಲಿ ಈ ತೂಕ ನೋಡುವ ಕೆಲಸಕ್ಕೆ ಎಡೆಯೇ ಇಲ್ಲ.

ಕಲ್ಲು, ತಾಮ್ರ ಇರುವಲ್ಲಿ ಇದು ಸರಿ, ತತ್ತ್ವಶಾಸ್ತ್ರದಲ್ಲಿ ಆಧಾರ ಎಂದರೇನು ಎಂದು ಕೇಳಬಹುದು. ಅಲ್ಲಿ ಆಧಾರ ಎಂದರೆ ಎದುರಾಳಿಯ ಮಾತನ್ನು ಅವನು ಒಪ್ಪುವ ಹಾಗೆ ಹೇಳಿ, ಆಮೇಲೆ ಉತ್ತರ ಕೊಡುವುದು. ಪೂರ್ವಪಕ್ಷ ಸರಿಯಾಗಿ ಮಂಡಿಸದ ಸಿದ್ಧಾಂತಕ್ಕೆ ನಮ್ಮ ಪರಂಪರೆಯಲ್ಲಿ ಮರ್ಯಾದೆ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರ ಭಾರತೀಯ ತತ್ತ್ವಶಾಸ್ತ್ರದ ಗ್ರಂಥ 1932ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಮೂಲ ಇಂಗ್ಲಿಷ್, ಕನ್ನಡಕ್ಕೂ ಬಂದಿದೆ. ವೇದವನ್ನು ಒಪ್ಪುವ ದರ್ಶನಗಳಿಗೆ ಕೊಟ್ಟ ಗೌರವವನ್ನೇ ಅವರು ಬೌದ್ಧ, ಜೈನ ದರ್ಶನಗಳಿಗೂ ಕೊಡುತ್ತಾರೆ. ಚಾರ್ವಾಕರ ಬಗ್ಗೆ ಬರೆಯುವಾಗ, ನಮಗೆ ಸಿಗುವ ವಿವರವೆಲ್ಲ ಬಹುಪಾಲು ಅವರ ವಿರೋಧಿಗಳ ಬರಹಗಳಿಂದ ಬಂದದ್ದು ಎಂಬುದನ್ನು ಓದುಗನ ಗಮನಕ್ಕೆ ತರುತ್ತಾರೆ. ತಾನು ಬರೆಯುತ್ತಿರುವುದರ ಬಲ ಎಷ್ಟು, ಎಲ್ಲಿ ಬಲವಿಲ್ಲ ಎಂದು ಲೇಖಕನೇ ತಿಳಿಸುವ ಈ ಪ್ರಾಮಾಣಿಕತೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಇಂಥ ಪುಸ್ತಕಗಳ ತೀರ್ಮಾನಗಳು ಹಳತಾಗಿಬಿಡುತ್ತವಲ್ಲ, ಮತ್ತೆ ಏಕೆ ಓದಬೇಕು ಎಂಬ ಆಕ್ಷೇಪವಿದೆ. ಹಳತಾಗುವುದು ನಿಜ. ಶಂ.ಬಾ. ಜೋಶಿಯವರು ಊರ ಹೆಸರುಗಳ ಜಾಡು ಹಿಡಿದು, ಇಂದಿನ ಮಹಾರಾಷ್ಟ್ರದ ಬಹುಭಾಗ ಹಿಂದೆ ಕನ್ನಡದ ನೆಲವಾಗಿತ್ತು ಎಂದು ಸಾಧಿಸಲು ಹೊರಟರು. ಅವರ ಎಷ್ಟೋ ಶಬ್ದನಿಷ್ಪತ್ತಿಗಳನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಆದರೂ 1970ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ ವ್ಯರ್ಥವಾಗಿಲ್ಲ. ಊರ ಹೆಸರು, ಕುಲದ ಹೆಸರು, ಪೂಜೆಯ ಪದ್ಧತಿ ಇವೆಲ್ಲ ಇತಿಹಾಸಕ್ಕೆ ಸಾಕ್ಷಿ ಆಗಬಲ್ಲವು ಎಂದು ಅವರು ತೋರಿಸಿದರು. ಅವರನ್ನು ಅಲ್ಲಗಳೆಯಲು ಸಾಧ್ಯವಾದದ್ದು ಕೂಡ ಅವರು ಆಧಾರಗಳನ್ನು ಬಚ್ಚಿಡದೆ ಮುಂದಿಟ್ಟದ್ದರಿಂದಲೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ವಿದ್ವಾಂಸರಿಗೂ ಪಂಥವಿದೆ, ಒಲವಿದೆ. ಆಧಾರದ ಮರೆಯಲ್ಲಿ ಅವರು ಹೇಳುವುದು ತಮಗೆ ಬೇಕಾದದ್ದನ್ನೇ ಅಲ್ಲವೆ? ಚಿದಾನಂದಮೂರ್ತಿ ಮತ್ತು ಎಂ.ಎಂ. ಕಲಬುರ್ಗಿ ಇಬ್ಬರೂ ಶಾಸನಗಳನ್ನೂ ವಚನಗಳನ್ನೂ ಅರೆದು ಕುಡಿದವರು. ಲಿಂಗಾಯತ ಸ್ವತಂತ್ರ ಧರ್ಮವೇ ಎಂಬ ಪ್ರಶ್ನೆಯಲ್ಲಿ ಮಾತ್ರ ಒಬ್ಬರದು ಒಂದು ತುದಿ, ಇನ್ನೊಬ್ಬರದು ಇನ್ನೊಂದು ತುದಿ. ಒಲವು ಇಬ್ಬರಿಗೂ ಇತ್ತು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಇಬ್ಬರೂ ತೋರಿಸಿದ್ದು ಯಾರು ಬೇಕಾದರೂ ತೆರೆದು ನೋಡಬಹುದಾದ ಪಠ್ಯಗಳನ್ನು. ಹಾಗಾಗಿ ಇಬ್ಬರ ನಡುವೆ ಯಾರ ವಾದ ಎಲ್ಲಿ ಜಾರಿತು ಎಂದು ಮೂರನೆಯವನು ಪರೀಕ್ಷಿಸಬಲ್ಲ. ಈ ದಾರಿ ಬಿಟ್ಟರೆ ಉಳಿಯುವುದು ಏನೆಂಬುದನ್ನು ಕಲಬುರ್ಗಿಯವರ ಬದುಕೇ ಹೇಳುತ್ತದೆ. ಅವರ ಸಂಶೋಧನ ಲೇಖನಗಳ ಸಂಗ್ರಹ ‘ಮಾರ್ಗ’ದ ಕೆಲವು ಬರಹಗಳಿಗಾಗಿ 1989ರಲ್ಲಿ ಅವರ ಮೇಲೆ ಒತ್ತಡ ತಂದು ಮಾತು ಹಿಂತೆಗೆದುಕೊಳ್ಳುವಂತೆ ಮಾಡಲಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಅವರ ತೀರ್ಮಾನ ತಪ್ಪಾಗಿದ್ದರೆ ತಪ್ಪೆಂದು ತೋರಿಸಲು ಬೇಕಾದ ಸಾಮಗ್ರಿಯೆಲ್ಲ ಅವರ ಪುಸ್ತಕದಲ್ಲೇ ಇತ್ತು.

ಶಾಸನ ಹಾಕಿಸುವ ಶಕ್ತಿ ಇದ್ದದ್ದು ಭೂಮಿ ಇದ್ದವರಿಗೆ, ಅಧಿಕಾರ ಇದ್ದವರಿಗೆ. ಉಳಿದವರ ಕಥೆ ಅಲ್ಲಿಲ್ಲ ಎಂಬ ಮಾತನ್ನು ಒಪ್ಪಲೇಬೇಕು. ಆ ಕೊರತೆ ಕಂಡವರು ಬೇರೆ ಆಧಾರಗಳನ್ನು ಹುಡುಕಿಕೊಂಡು ಹೋದರು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ದರ್ಗಾಗಳನ್ನೂ ಉರುಸುಗಳನ್ನೂ ಜನರ ಬಾಯಿಮಾತನ್ನೂ ಆಕರ ಮಾಡಿಕೊಂಡ ಪುಸ್ತಕ.

ಇನ್ನು ಭಾಷೆಯ ಮಾತು. ಹಳಗನ್ನಡದ ಉದ್ಧರಣೆಗಳನ್ನು ಅರ್ಥ ಕೊಡದೆ ಹಾಗೇ ಬಿಡುವ, ಪಾರಿಭಾಷಿಕ ಪದಗಳನ್ನು ವಿವರಿಸದ ಪುಸ್ತಕಗಳು ನಮ್ಮಲ್ಲಿ ಬಹಳ ಇವೆ. ಅದು ಲೇಖಕರ ಲೋಪವೇ. ಹಾಗೆಂದು ಇದೆಲ್ಲ ಪಂಡಿತರ ಸ್ವತ್ತು ಎಂದು ಬಿಟ್ಟುಕೊಡಬೇಕಿಲ್ಲ. ಶಾಸನಗಳ ಕಂಡುಗ, ಕೆರೆಯ ಕೆಳಗಿನ ಗದ್ದೆ, ಕೆರೆಯ ಪೋಷಣೆಗೆ ಬಿಟ್ಟ ಬಿತ್ತುವಟ್ಟ ಇವು ನಗರದ ಪದವೀಧರನಿಗಿಂತ ಬೇಸಾಯ ಬಲ್ಲವನಿಗೆ ಬೇಗ ಹಿಡಿಯುವ ಸಂಗತಿಗಳು. ಈ ವಿದ್ಯೆಯನ್ನು ಕಟ್ಟಿದವರಲ್ಲೂ ಪ್ರಾಧ್ಯಾಪಕರಲ್ಲದವರು ಎಷ್ಟೋ ಮಂದಿ. 1923ರಲ್ಲಿ ‘ವಚನಶಾಸ್ತ್ರಸಾರ’ ತಂದ ಫ.ಗು. ಹಳಕಟ್ಟಿಯವರು ವಿಜಯಪುರದ ವಕೀಲರು, ಶಂ.ಬಾ. ಜೋಶಿ ಶಾಲಾ ಶಿಕ್ಷಕರು, ಗೀತೆಯ ಮೇಲೆ ಬರೆದ ಡಿ.ವಿ.ಜಿ. ಪತ್ರಕರ್ತರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳು ಹುಟ್ಟಿದ್ದೇ ಊರೂರಿಗೆ ಹೋಗಿ ಜನರ ಮುಂದೆ ಆಡಿದ ಉಪನ್ಯಾಸಗಳಿಂದ.

ಪ್ರಕಾಶಕರೂ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳೂ ಇಲ್ಲಿ ಮಾಡಬೇಕಾದ ಒಂದು ಕೆಲಸವಿದೆ. ಹಳೆಯ ಗ್ರಂಥಗಳನ್ನು ಮರುಮುದ್ರಿಸುವಾಗ ಪುಟ ಉಳಿಸಲೆಂದು ಶಬ್ದಸೂಚಿಯನ್ನೋ ಸಂಕ್ಷೇಪಗಳ ಪಟ್ಟಿಯನ್ನೋ ಕೈಬಿಡಬಾರದು. ಮೂಲದಲ್ಲಿ ಅವು ಇಲ್ಲದಿದ್ದರೆ ಹೊಸದಾಗಿ ಸೇರಿಸಬೇಕು. ಕಠಿಣ ಪದಗಳಿಗೆ ಕೊನೆಯಲ್ಲಿ ನಾಲ್ಕು ಪುಟದ ಅರ್ಥಕೋಶ ಕೊಟ್ಟರೂ ಸಾಕು, ಎಷ್ಟೋ ಓದುಗರು ಒಳಗೆ ಬರುತ್ತಾರೆ. ಓದುಗರು ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕೆಂಬ ಕಟ್ಟುಪಾಡೂ ಇಲ್ಲ. ಜಿಲ್ಲಾ ಗ್ರಂಥಾಲಯದಲ್ಲಿ ಎಪಿಗ್ರಾಫಿಯಾದ ಸಂಪುಟ ಸಿಕ್ಕರೆ ತಮ್ಮ ತಾಲ್ಲೂಕಿನ ಭಾಗ ತೆಗೆದು, ತಮ್ಮೂರಿನದೋ ಪಕ್ಕದೂರಿನದೋ ಒಂದು ಶಾಸನ ಓದಿ, ಅದೇ ಸಂಖ್ಯೆಯನ್ನು ಚಿದಾನಂದಮೂರ್ತಿಯವರಂಥವರ ಅಡಿಟಿಪ್ಪಣಿಗಳಲ್ಲಿ ಹುಡುಕಬಹುದು. ಆ ಕಲ್ಲಿನಿಂದ ಅವರು ತೆಗೆದ ಅರ್ಥ ಸರಿಯೋ ಅಲ್ಲವೋ ಎಂದು ಹೇಳಲು ಆ ಊರಿನವರಿಗಿಂತ ಹೆಚ್ಚು ಅರ್ಹರು ಸಿಗುವುದು ಕಷ್ಟ.