ಚಾಪೆ ಕೆಳಗೆ ಕಾನೂನು, ರಂಗೋಲಿ ಕೆಳಗೆ ಬೈಕು

1980ರ ದಶಕದ ಬ್ರಿಟನ್ನಿನ ರಸ್ತೆಗಳಲ್ಲಿ ಒಂದು ವಿಚಿತ್ರ ವಾಹನ ಕಾಣಿಸಿಕೊಂಡಿತು. ನೋಡಿದರೆ ದೊಡ್ಡ ಬೈಕು, ಹಿಂದೆ ಮುಂದೆ ಕೆಂಪಕ್ಷರದ ಎಲ್ ಬೋರ್ಡು. ಪಕ್ಕಕ್ಕೆ ಒಂದು ಕಬ್ಬಿಣದ ಚೌಕಟ್ಟು, ಅದರ ತುದಿಗೊಂದು ಪುಟ್ಟ ಚಕ್ರ. ಅಲ್ಲಿ ಯಾರೂ ಕೂರುವಂತಿಲ್ಲ. ತರಕಾರಿ ಚೀಲ ಇಡುವುದಕ್ಕೂ ಯೋಚನೆ ಮಾಡಬೇಕು. ಚೌಕಟ್ಟನ್ನು ಕೀಲು ಹಾಕಿ ಕೂಡಿಸಿದ್ದರಿಂದ ತಿರುವಿನಲ್ಲಿ ಬೈಕು ಎಂದಿನಂತೆಯೇ ವಾಲುತ್ತಿತ್ತು. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ಸೈಡ್‌ಕಾರ್.

ಈ ವೇಷಕ್ಕೊಂದು ಕಾರಣವಿತ್ತು. ಕಲಿಯುವವರು 125 ಸಿಸಿಗಿಂತ ದೊಡ್ಡ ಬೈಕು ಮುಟ್ಟುವಂತಿಲ್ಲ ಎಂದಿದ್ದ ಕಾನೂನು, ಸೈಡ್‌ಕಾರ್ ಇದ್ದರೆ ಎಂಜಿನ್ ಎಷ್ಟು ದೊಡ್ಡದಾದರೂ ಅಡ್ಡಿಯಿಲ್ಲ ಎಂದು ಬಾಗಿಲು ತೆರೆದಿಟ್ಟಿತ್ತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುತ್ತಾರಲ್ಲ, ಬ್ರಿಟನ್ನಿನಲ್ಲಿ ಪ್ರೊವಿಷನಲ್ ಲೈಸೆನ್ಸಿನಿಂದ ಪೂರ್ಣ ಲೈಸೆನ್ಸಿಗೆ ಹೋಗುವ ದಾರಿ ರೂಪುಗೊಂಡದ್ದು ಹೀಗೆಯೇ.

ಮೊದಲು ಅಲ್ಲಿ ಮೆಟ್ಟಿಲೇ ಇರಲಿಲ್ಲ. 1903ರ ಮೋಟಾರ್ ಕಾರ್ ಕಾಯ್ದೆಯ ಪ್ರಕಾರ 5 ಶಿಲಿಂಗ್ ಕೊಟ್ಟವರಿಗೆ ಲೈಸೆನ್ಸು. ಓಡಿಸಲು ಬರುತ್ತದೆಯೇ ಎಂದು ಕೇಳುವವರಿಲ್ಲ. ಮೋಟಾರ್ ಸೈಕಲ್ಲಿಗೆ 14 ವರ್ಷ ತುಂಬಿದ್ದರೆ ಸಾಕಿತ್ತು. ಇದರ ಬೆಲೆ ಗೊತ್ತಾಗಲು ಮೂರು ದಶಕ ಬೇಕಾಯಿತು. 1934ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು. ಆಗ ಸಾರಿಗೆ ಸಚಿವರಾಗಿದ್ದ ಲೆಸ್ಲಿ ಹೋರ್-ಬೆಲಿಷಾ ಕಾಲದಲ್ಲಿ ಪರೀಕ್ಷೆ ಬಂತು. 1935ರ ಜೂನ್ 1ರಿಂದ ಕಡ್ಡಾಯವಾಯಿತು. ಶುಲ್ಕ ಏಳೂವರೆ ಶಿಲಿಂಗ್. ಪರೀಕ್ಷಾ ಕೇಂದ್ರಗಳಿನ್ನೂ ಇರಲಿಲ್ಲ, ರೈಲು ನಿಲ್ದಾಣದ ಮುಂದೋ ಪುರಭವನದ ಹತ್ತಿರವೋ ಪರೀಕ್ಷಕರು ಕಾಯುತ್ತಿದ್ದರು. ಪಾಸಾಗುವವರೆಗೆ ಕಲಿಯುವವರ ಕೈಗೆ ಪ್ರೊವಿಷನಲ್ ಲೈಸೆನ್ಸು, ಗಾಡಿಗೆ ಎಲ್ ಬೋರ್ಡು.

ಆ ಬೋರ್ಡಿಗೆ ನಮ್ಮೂರಿನ ನಂಟಿದೆ. ಬ್ರಿಟಿಷ್ ಫಲಕ 7 ಇಂಚಿನ ಚೌಕ; ಎಲ್ ಅಕ್ಷರದ ಎತ್ತರ 4 ಇಂಚು, ಅಗಲ ಮೂರೂವರೆ ಇಂಚು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮ ಕೇಳುವುದು 18 ಸೆಂಟಿಮೀಟರ್ ಚೌಕ, 10 ಎತ್ತರ, 9 ಅಗಲ. ಇಂಚುಪಟ್ಟಿಯ ಹಿಂದಿನ ಮಗ್ಗುಲನ್ನು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಎಲ್‌ಎಲ್‌ಆರ್ ಮಾಡಿಸಿದ ದಿನ ಅಂಗಡಿಯಿಂದ ತಂದು ಸ್ಕೂಟರಿಗೆ ಅಂಟಿಸುವ ಸ್ಟಿಕ್ಕರಿನ ಅಜ್ಜನ ಮನೆ ಅಲ್ಲಿದೆ.

ಕಾರಿನ ಪರೀಕ್ಷೆಯಲ್ಲಾದರೆ ಪರೀಕ್ಷಕ ಪಕ್ಕದಲ್ಲೇ ಕೂರುತ್ತಾನೆ. ಬೈಕಿನಲ್ಲಿ ಎಲ್ಲಿ ಕೂರುವುದು? ಹಾಗಾಗಿ ಆತ ಕೈಯಲ್ಲಿ ರಟ್ಟು ಹಿಡಿದು ಫುಟ್‌ಪಾತಿನ ಮೇಲೆ ನಿಲ್ಲುತ್ತಿದ್ದ. ಅಭ್ಯರ್ಥಿ ಒಂದೆರಡು ಬೀದಿ ಸುತ್ತಿ ಬರುತ್ತಿದ್ದ. ಪರೀಕ್ಷಕ ಸಟ್ಟನೆ ಸನ್ನೆ ಮಾಡಿದರೆ ಬ್ರೇಕು ಒತ್ತಬೇಕು. ಬೇರೆ ಯಾವುದೋ ಬೈಕನ್ನು ತನ್ನ ಅಭ್ಯರ್ಥಿಯದೆಂದು ತಿಳಿದು ಅಡ್ಡ ಬಂದು ಒದೆ ತಿಂದ ಪರೀಕ್ಷಕನ ಕಥೆಯನ್ನು ಅಲ್ಲಿನ ಹಳೆಯ ಬೈಕಿನವರು ಇಂದಿಗೂ ನಗುತ್ತಾ ಹೇಳುತ್ತಾರೆ. ಯಾವ ಊರಿನಲ್ಲಿ ನಡೆದದ್ದು ಎಂದು ಮಾತ್ರ ಕೇಳಬಾರದು.

ಎಷ್ಟು ದೊಡ್ಡ ಬೈಕಿನಲ್ಲಿ ಕಲಿಯಬಹುದು ಎಂಬುದಕ್ಕೆ ಬಹುಕಾಲ ಮಿತಿಯೇ ಇರಲಿಲ್ಲ. ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರುತ್ತಿದ್ದ ಹುಡುಗರಿಗೆ ಗಂಟೆಗೆ 100 ಮೈಲಿ ಮುಟ್ಟುವುದೇ ಗಂಡಸುತನವಾಗಿದ್ದ ಕಾಲ ಅದು. 1961ರಲ್ಲಿ ಸರ್ಕಾರ ಕಲಿಯುವವರಿಗೆ 250 ಸಿಸಿಯ ಗೆರೆ ಎಳೆಯಿತು. ಅದೇ ವರ್ಷ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 250 ಸಿಸಿ ಜಾವಾ ಹೊರಬರತೊಡಗಿತ್ತು. ಇಲ್ಲಿ ಮನೆಮಂದಿಯೆಲ್ಲ ಹೊರಗೆ ಬಂದು ನೋಡುವಷ್ಟು ದೊಡ್ಡ ಗಾಡಿ, ಅಲ್ಲಿ ಕಲಿಯುವವರ ಗಾಡಿ!

ಗೆರೆ ಎಳೆದದ್ದೇ ತಡ, ಕಾರ್ಖಾನೆಗಳು ಅದರೊಳಗೇ ಆಟ ಶುರು ಮಾಡಿದವು. ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ ಎಂಬ 250 ಸಿಸಿ ಬೈಕು ತಂದಿತು: ಕೆಂಪು ಟ್ಯಾಂಕು, ತಗ್ಗಿದ ಹ್ಯಾಂಡಲ್, ಐದು ಗೇರು, ಗಂಟೆಗೆ 80 ಮೈಲಿ ದಾಟುವ ಓಟ. 1978ರಲ್ಲಿ ಸುಜುಕಿ ತನ್ನ ಎಕ್ಸ್7 ಬೈಕನ್ನು 100 ಮೈಲಿ ಓಡುವ 250 ಎಂದೇ ಮಾರಿತು. ಯಾವ ವೇಗಕ್ಕೆ ಹೆದರಿ ಮಿತಿ ತಂದಿದ್ದರೋ ಅದೇ ವೇಗ ಎಲ್ ಬೋರ್ಡಿನೊಡನೆ ವಾಪಸು ಬಂದಿತ್ತು.

ಕಿರಿಯರ ಕಥೆಯೂ ಅದೇ. 1971ರಲ್ಲಿ 16 ವರ್ಷದವರಿಗೆ ಪೆಡಲ್ ಇರುವ 50 ಸಿಸಿ ಮೊಪೆಡ್ ಮಾತ್ರ ಎಂದಾಯಿತು. ಲೂನಾದಂಥ ಪಾಪದ ಗಾಡಿಯನ್ನು ಸರ್ಕಾರ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ಬಂದದ್ದು ಯಮಹಾ ಎಫ್‌ಎಸ್1-ಇ. ನೋಡಲು ಅಪ್ಪಟ ಬೈಕು, ಓಟ ಗಂಟೆಗೆ 70 ಕಿಲೋಮೀಟರಿನ ಆಸುಪಾಸು. ಕಾನೂನಿಗೆ ತೋರಿಸಲು ಎರಡು ಪೆಡಲು. 1977ರಲ್ಲಿ ಮೊಪೆಡ್ಡಿನ ವ್ಯಾಖ್ಯೆಯನ್ನೇ ಬದಲಿಸಿ ವೇಗವನ್ನು 30 ಮೈಲಿಗೆ ಕಟ್ಟಿಹಾಕಿದರು.

ಇನ್ನೊಂದು ಸಂದಿ ಎಲ್ಲಕ್ಕಿಂತ ಸುಲಭದ್ದು: ಪರೀಕ್ಷೆಗೇ ಹೋಗದಿರುವುದು. ಪ್ರೊವಿಷನಲ್ ಲೈಸೆನ್ಸನ್ನೇ ನವೀಕರಿಸಿಕೊಂಡು ವರ್ಷಗಟ್ಟಲೆ ಓಡಾಡುವವರಿದ್ದರು. 1981ರ ಸಾರಿಗೆ ಕಾಯ್ದೆ ಇವೆಲ್ಲಕ್ಕೂ ಒಟ್ಟಿಗೆ ಬೇಲಿ ಹಾಕಿತು. ಕಲಿಯುವವರಿಗೆ 125 ಸಿಸಿ, 12 ಅಶ್ವಶಕ್ತಿ ಮಾತ್ರ. ಪರೀಕ್ಷೆ ಎರಡು ಭಾಗ. ಎರಡು ವರ್ಷದೊಳಗೆ ಪಾಸಾಗದಿದ್ದರೆ ಒಂದು ವರ್ಷ ಬೈಕು ಮುಟ್ಟುವಂತಿಲ್ಲ. ಆ ಬೇಲಿಯಲ್ಲಿ ಉಳಿದ ಕಿಂಡಿಯೇ ಮೊದಲು ಹೇಳಿದ ಮೂರನೇ ಚಕ್ರ.

ಇಷ್ಟು ಹೊತ್ತಿಗೆ ಒಂದು ಪಾಠ ಮನದಟ್ಟಾಗಿತ್ತು. ಯಂತ್ರಕ್ಕೆ ಹಾಕಿದ ಕಟ್ಟನ್ನು ಯಂತ್ರ ಮಾಡುವವರು ಬಿಚ್ಚುತ್ತಾರೆ, ಕಲಿಸಬೇಕಾದದ್ದು ಓಡಿಸುವವನಿಗೆ. 1990ರ ಡಿಸೆಂಬರಿನಲ್ಲಿ ಬಂದ ಸಿಬಿಟಿ, ಅಂದರೆ ಕಡ್ಡಾಯ ಮೂಲ ತರಬೇತಿ, ಆ ಪಾಠದ ಫಲ. ಅಂಗಳದಲ್ಲಿ ಅಭ್ಯಾಸ ಮಾಡಿ, ತರಬೇತುದಾರನೊಂದಿಗೆ ರಸ್ತೆಯಲ್ಲಿ ಓಡಿಸಿ ತೋರಿಸುವವರೆಗೆ ಎಲ್ ಬೋರ್ಡು ಹಾಕಿದರೂ ಒಬ್ಬನೇ ರಸ್ತೆಗಿಳಿಯುವಂತಿಲ್ಲ. ಪರೀಕ್ಷಕನೂ ಫುಟ್‌ಪಾತು ಬಿಟ್ಟು ಬೈಕು ಹತ್ತಿದ. ಹಿಂದಿನಿಂದ ಬರುತ್ತಾ ರೇಡಿಯೊದಲ್ಲಿ ಎಡಕ್ಕೆ, ಬಲಕ್ಕೆ ಎಂದು ಹೇಳತೊಡಗಿದ. 1996ರಲ್ಲಿ ಥಿಯರಿ ಪರೀಕ್ಷೆ ಸೇರಿತು. ಈಗ ಅದರಲ್ಲಿ 50 ಪ್ರಶ್ನೆಗಳಿಗೆ 43 ಸರಿ ಉತ್ತರ ಬೇಕು.

2009ರಲ್ಲಿ ರಸ್ತೆ ಪರೀಕ್ಷೆ ಮತ್ತೆ ಎರಡಾಯಿತು. ಮೊದಲನೆಯದು ಅಂಗಳದಲ್ಲಿ. ಬೈಕನ್ನು ತಳ್ಳಿ ನಿಲ್ಲಿಸಬೇಕು, ಕೋನ್‌ಗಳ ನಡುವೆ ಹಾವಿನಂತೆ ಸಾಗಬೇಕು, ಎರಡು ಕೋನ್‌ಗಳ ಸುತ್ತ ಎಂಟು ಹಾಕಬೇಕು. ನಮ್ಮ ಬ್ರೇಕ್ ಇನ್‌ಸ್ಪೆಕ್ಟರ್ ಎದುರಿಗೆ ಉಸಿರು ಬಿಗಿಹಿಡಿದು ಕಾಲು ನೆಲಕ್ಕೆ ತಾಗಿಸದೆ ಹಾಕುತ್ತೇವಲ್ಲ, ಅದೇ ಎಂಟು. ಅದಾದ ಮೇಲಿನದು ಕಷ್ಟ: ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು, ಎದುರಿಗೆ ಏನೋ ಅಡ್ಡ ಬಂದಿದೆ ಎಂಬಂತೆ ತಟ್ಟನೆ ಪಕ್ಕಕ್ಕೆ ಹೊರಳಬೇಕು. ಐರೋಪ್ಯ ಒಕ್ಕೂಟ ಗೊತ್ತುಮಾಡಿದ ಈ 50 ಕಿಲೋಮೀಟರು ಮೈಲಿ ಲೆಕ್ಕದಲ್ಲಿ 31 ಆಗುತ್ತದೆ. ಬ್ರಿಟನ್ನಿನ ಊರೊಳಗಿನ ಮಿತಿ ಆಗ 30. ಕಾನೂನು ಪಾಲಿಸುತ್ತಾನೆಯೇ ಎಂದು ನೋಡುವ ಪರೀಕ್ಷೆಯನ್ನು ಅಲ್ಲಿನ ಬೀದಿಯಲ್ಲಿ ಮಾಡಿದರೆ ಕಾನೂನೇ ಮುರಿಯುತ್ತದೆ! ಒಂದು ಮೈಲಿಯ ಈ ಅಂತರಕ್ಕಾಗಿ ವಿಶಾಲ ಅಂಗಳದ ಹೊಸ ಕೇಂದ್ರಗಳನ್ನು ಕಟ್ಟಬೇಕಾಯಿತು. ಅವು ಎಲ್ಲ ಊರಿನಲ್ಲೂ ಇಲ್ಲದ್ದರಿಂದ ಪರೀಕ್ಷೆ ಕೊಡಲು ಕಲಿಯುವವರೇ ದೂರದೂರ ಬೈಕು ಓಡಿಸಿಕೊಂಡು ಹೋಗಬೇಕಾಯಿತು.

2013ರ ಜನವರಿ 19ರಿಂದ ಇಂದಿನ ಏಣಿ ಜಾರಿಯಲ್ಲಿದೆ. 17ಕ್ಕೆ ಎ1: 125 ಸಿಸಿ, 11 ಕಿಲೋವ್ಯಾಟ್. 19ಕ್ಕೆ ಎ2: 35 ಕಿಲೋವ್ಯಾಟ್. ಎ2ನಲ್ಲಿ ಎರಡು ವರ್ಷ ಕಳೆದವರಿಗೆ 21ಕ್ಕೆ, ನೇರವಾಗಿ ಹೋಗುವವರಿಗೆ 24ಕ್ಕೆ ಮಿತಿಯಿಲ್ಲದ ಎ. ಪ್ರತಿ ಮೆಟ್ಟಿಲಿಗೂ ಹೊಸದಾಗಿ ಪರೀಕ್ಷೆ. ಶಕ್ತಿಯನ್ನು ತೂಕಕ್ಕೆ ತಾಳೆ ಹಾಕುತ್ತಾರೆ; ದೊಡ್ಡ ಬೈಕಿನ ಕತ್ತು ಹಿಸುಕಿ 35ಕ್ಕೆ ಇಳಿಸುವುದಾದರೆ ಅದರ ಮೂಲ ಶಕ್ತಿ ಇದರ ಎರಡರಷ್ಟನ್ನು ಮೀರಿರಬಾರದು. ಒಂದೊಂದು ಷರತ್ತಿನ ಹಿಂದೆಯೂ ಹಳೆಯ ಒಂದು ಕಿಂಡಿಯ ನೆನಪಿದೆ. ನಮ್ಮಲ್ಲಿ ವಿಂಗಡಣೆ ಗೇರ್ ಇದೆಯೇ, ಇಲ್ಲವೇ ಎಂಬುದಷ್ಟೇ. ಎಲ್‌ಎಲ್‌ಆರ್ ಆಗಿ ಮೂವತ್ತು ದಿನ ಕಳೆದ ಮೇಲೆ 100 ಸಿಸಿ ಬೈಕಿನಲ್ಲಿ ಎಂಟು ಹಾಕಿ ಡಿಎಲ್ ಪಡೆದವನು ಮರುದಿನ 1000 ಸಿಸಿ ಬೈಕು ಏರಿದರೂ ಕೇಳುವವರಿಲ್ಲ.

ಈ ಕಥೆ ಒಂದು ಸುತ್ತು ಹೊಡೆದು ನಮ್ಮ ನೆರೆಗೇ ಬಂದಿದೆ. ರೆಡ್ಡಿಚ್ ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೆ, 2018ರಲ್ಲಿ, ಚೆನ್ನೈನ ರಾಯಲ್ ಎನ್‌ಫೀಲ್ಡ್ ಅದೇ ಕಾಂಟಿನೆಂಟಲ್ ಜಿಟಿ ಹೆಸರನ್ನು 650 ಸಿಸಿ ಬೈಕಿಗೆ ಇಟ್ಟು ಮಾರುಕಟ್ಟೆಗೆ ತಂದಿತು. ಅಷ್ಟು ದೊಡ್ಡ ಎಂಜಿನ್ನಿಗೆ ಶಕ್ತಿ ಸುಮಾರು 47 ಅಶ್ವಶಕ್ತಿ ಮಾತ್ರ. ಎ2ನ 35 ಕಿಲೋವ್ಯಾಟಿನ ಗೆರೆಗೆ ತಾಗಿಕೊಂಡು, ಆದರೆ ಒಳಗೇ. ಅಂದಿನ ಜಿಟಿ ಗೆರೆಯ ಕೆಳಗೆ ತೂರಲು ಹುಟ್ಟಿದ್ದು. ಇಂದಿನದರಲ್ಲಿ ತೂರುವ ಆತುರವಿಲ್ಲ. ಕಾನೂನು ಇಟ್ಟ ಚುಕ್ಕಿಗಳನ್ನು ನೋಡಿಕೊಂಡೇ ಅದರ ರಂಗೋಲಿ ಬಿಡಿಸಿದಂತಿದೆ.